ಕಾಲುವೆಯ ಮೇಲೆ ಆರು ದಿನ

ಇಂಗ್ಲೆಂಡಿನ ಪ್ರವಾಸವನ್ನು ಮುಗಿಸಿಕೊಂಡು ನಾವು ಶ್ರೀಮಠಕ್ಕೆ ಹಿಂತಿರುಗಿದಂದಿನಿಂದ ಸದ್ಭಕ್ತರು ಅನೇಕರು ಅಲ್ಲಿ ಕಂಡುದನ್ನು ಪತ್ರಿಕೆಗೆ ಬರೆಯಬೇಕೆಂದು ಆಗ್ರಹಪಡಿಸುತ್ತಲೇ ಇದ್ದಾರೆ. ಲಂಡನ್ ಪಟ್ಟಣದಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ 2015ರ ನವೆಂಬರ್ 14ರಂದು ಅನಾವರಣಗೊಂಡ ವಿಶ್ವಗುರು ಬಸವಣ್ಣನವರ ಪ್ರತಿಮೆಯ ದರ್ಶನ ಪಡೆದುದು, ಅಲ್ಲಿಯ ಕನ್ನಡಿಗರ ಸಭೆಗಳಲ್ಲಿ ಮಾತನಾಡಿದುದು ಇವೆಲ್ಲವುಗಳ ವರದಿ ಆಗಲೇ ಈ ಪುಟಗಳಲ್ಲಿ ಬಂದಿದೆ. ಸಭೆ, ಸನ್ಮಾನ, ಹಾರತುರಾಯಿಗಳ ಸಂಗತಿ ಅಷ್ಟು ಸಾಕು. ವರದಿಯಲ್ಲಿ ಬಾರದೆ ಉಳಿದ ಆರು ದಿನಗಳಿದ್ದವು. 2023ರ ಅಕ್ಟೋಬರ್ ಮೊದಲ ವಾರದಲ್ಲಿ ಒಂದು ಕಾಲುವೆಯ ಮೇಲೆ, ಒಂದು ಇಕ್ಕಟ್ಟಾದ ದೋಣಿಯಲ್ಲಿ, ತಂದೆ ಮತ್ತು ಮಗನ ಜೊತೆಯಲ್ಲಿ ಕಳೆದ ಆ ಆರು ದಿನಗಳನ್ನು ಕುರಿತೇ ಇಲ್ಲಿ ಬರೆಯುತ್ತೇವೆ. ಅವರಿಬ್ಬರ ಒಪ್ಪಿಗೆಯನ್ನು ಪಡೆದಿದ್ದೇವೆ. ಹೆಸರುಗಳನ್ನು ಮಾತ್ರ ಬಿಟ್ಟಿದ್ದೇವೆ.

ತಂದೆಯವರು ವೈದ್ಯರು, ಎಪ್ಪತ್ತಾರರ ವಯಸ್ಸಿನವರು. ರಾಣಿಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಡದ ಒಂದು ಹಳ್ಳಿಯವರು. ನಮ್ಮ ಪರಮಪೂಜ್ಯ ಗುರುಗಳ ಕಾಲದಲ್ಲಿ ಶ್ರೀಮಠದ ಉಚಿತ ಪ್ರಸಾದ ನಿಲಯದಲ್ಲಿ ಇದ್ದು ಓದಿ, ಹುಬ್ಬಳ್ಳಿಯಲ್ಲಿ ವೈದ್ಯರಾಗಿ, 1974ರಲ್ಲಿ ಇಂಗ್ಲೆಂಡಿಗೆ ಹೋದವರು. ನಮಗಿಂತ ಇಪ್ಪತ್ತು ವರುಷಕ್ಕೆ ಹಿರಿಯರಾದರೂ ಆ ಭಾಗದ ರೂಢಿಯಂತೆ ನಮ್ಮನ್ನು 'ಅಜ್ಜಾರ' ಎಂದೇ ಕರೆಯುತ್ತಾರೆ. ಅವರ ಧರ್ಮಪತ್ನಿಯವರು 2020ರ ಏಪ್ರಿಲ್ ತಿಂಗಳಲ್ಲಿ ಕೊರೋನಾ ವ್ಯಾಧಿಯಿಂದ ಲಿಂಗೈಕ್ಯರಾದರು. ಆಗ ಡಾಕ್ಟರರೂ ಅದೇ ವ್ಯಾಧಿಯಿಂದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಒಬ್ಬನೇ ಮಗ. ಕುಳ್ಳಿರಿಸಿ ಮಣ್ಣು ಕೊಡುವ ನಮ್ಮ ಕ್ರಿಯಾಸಮಾಧಿಗೆ ಆ ದಿನಗಳಲ್ಲಿ ಅವನಿಗೆ ಎಲ್ಲಿಯೂ ಎಡೆ ದೊರೆಯಲಿಲ್ಲ. ಕೇಳಲು ಹಿರಿಯರು ಹತ್ತಿರದಲ್ಲಿ ಇರಲಿಲ್ಲ. ಅವನು ತಾಯಿಯ ದೇಹವನ್ನು ದಹನಕ್ಕೆ ಒಪ್ಪಿಸಿದ. ಎಂಟು ವಾರಗಳ ತರುವಾಯ ಮನೆಗೆ ಬಂದ ತಂದೆಗೆ ತೋರಿಸಲು ಅವನಲ್ಲಿದ್ದುದು ಒಂದು ಭಸ್ಮದ ಪಾತ್ರೆ ಮತ್ತು ತಾಯಿಯ ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆ. ಅಂದಿನಿಂದ ಅವರಿಬ್ಬರಲ್ಲಿ ಮಾತು ಕಡಿಮೆಯಾಯಿತು.

ದೋಣಿಯ ಪ್ರವಾಸ ಆ ತಾಯಿಯವರ ಆಸೆಯಾಗಿತ್ತಂತೆ. ಪ್ರತಿ ವರ್ಷವೂ ಮುಂದಿನ ವರ್ಷ ಎನ್ನುತ್ತ ಉಳಿದುಹೋಗಿತ್ತು. ನಾವು ಇಂಗ್ಲೆಂಡಿಗೆ ಬರುವ ಸುದ್ದಿ ತಿಳಿದಾಗ ಡಾಕ್ಟರರು ಫೋನಿನಲ್ಲಿ, "ಅಜ್ಜಾರ, ಭಾಷಣಾ ಮುಗದ ಮ್ಯಾಲೆ ಒಂದು ವಾರ ನಮಗ ಕೊಡ್ರಿ, ದೋಣ್ಯಾಗ ಹೋಗೂಣು" ಎಂದರು. ಮಗನೂ ಬರುತ್ತಾನೆಯೇ ಎಂದು ಕೇಳಿದೆವು. "ಅಂವಾ ಇಲ್ಲದ ದೋಣಿ ಯಾರು ನಡಸ್ತಾರ್ರಿ?" ಎಂದು ಸುಮ್ಮನಾದರು.

ಓದುಗರಲ್ಲಿ ಹಲವರಿಗೆ ಕಾಲುವೆಯೆಂದರೆ ಹೊಲಕ್ಕೆ ನೀರುಣಿಸುವ ಸಾಧನ. ಇಂಗ್ಲೆಂಡಿನ ಕಾಲುವೆಗಳು ಬೆಳೆಗಾಗಿ ತೋಡಿದವುಗಳಲ್ಲ. ಸರಕು ಸಾಗಿಸಲು ತೋಡಿದವು. 1761ರಲ್ಲಿ ಬ್ರಿಜ್‌ವಾಟರಿನ ಡ್ಯೂಕನು ತನ್ನ ವರ್ಸ್ಲಿ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿನ ಕಡೆಗೆ ಒಯ್ಯಲು ಕಾಲುವೆಯನ್ನು ತೆರೆದಾಗ, ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು. ಅಂದಿನ ಕೆಸರು ರಸ್ತೆಗಳಲ್ಲಿ ಒಂದು ಕುದುರೆ ಒಂದೆರಡು ಟನ್ ಎಳೆಯುವುದೇ ಕಷ್ಟವಾಗಿದ್ದರೆ, ಅದೇ ಕುದುರೆ ದಡದ ಮೇಲೆ ನಡೆಯುತ್ತ ಹಗ್ಗದಿಂದ ಇಪ್ಪತ್ತೈದು ಟನ್ನಿನ ದೋಣಿಯನ್ನು ಎಳೆಯಬಲ್ಲದಾಗಿತ್ತು. ಅಲ್ಲಿಂದ ಮುಂದೆ ಎಪ್ಪತ್ತು ಎಂಬತ್ತು ವರ್ಷ ಆ ದೇಶವೆಲ್ಲ ಕಾಲುವೆ ತೋಡುವುದರಲ್ಲಿ ತೊಡಗಿತು. ಆಮೇಲೆ ರೈಲು ಬಂದಿತು.

ನಾವು ಪಯಣಿಸಿದ್ದು ಆಕ್ಸ್‌ಫರ್ಡ್ ಕಾಲುವೆಯಲ್ಲಿ. ನ್ಯಾಪ್ಟನ್ ಎಂಬ ಹಳ್ಳಿಯಿಂದ ಬ್ಯಾನ್‌ಬರಿ ಪಟ್ಟಣದವರೆಗೆ. ಮೋಟಾರಿನಲ್ಲಿ ಹೋದರೆ ಒಂದು ತಾಸೂ ಬೇಡ. ನಮಗೆ ಆರು ದಿನಗಳು ಬೇಕಾದವು. ಕಾಲುವೆಯ ಮೇಲೆ ವೇಗದ ಮಿತಿಯೇ ತಾಸಿಗೆ ನಾಲ್ಕು ಮೈಲಿ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ಅದರ ಅರ್ಧಕ್ಕೂ ಇಳಿಯಬೇಕು. ದಡದ ಮೇಲೆ ನಾಯಿಯನ್ನು ಹಿಡಿದುಕೊಂಡು ಅಡ್ಡಾಡುತ್ತಿದ್ದ ಮುದುಕಿಯೊಬ್ಬಳು ನಮಗಿಂತ ಮುಂದೆ ಹೋದುದನ್ನು ಕಂಡು ಡಾಕ್ಟರರು ನಕ್ಕರು. ಆ ಪ್ರವಾಸದಲ್ಲಿ ಅವರು ನಕ್ಕುದು ಅದೇ ಮೊದಲು.

ಈ ದೋಣಿಗೆ ನ್ಯಾರೋಬೋಟ್ ಎಂದು ಹೆಸರು. ಅಗಲ ಏಳು ಅಡಿಗೆ ಎರಡು ಅಂಗುಲ ಕಡಿಮೆ. ಉದ್ದ ಎಪ್ಪತ್ತು ಅಡಿಯವರೆಗೂ ಇರುವುದುಂಟು, ನಮ್ಮದು ಐವತ್ತೇಳು ಅಡಿ. ಒಳಗೆ ನಿಂತರೆ ರೈಲುಡಬ್ಬಿಯ ನಡುದಾರಿಯಲ್ಲಿ ನಿಂತಂತೆ. ಅಷ್ಟರಲ್ಲಿಯೇ ಮಲಗುವ ಹಲಗೆ, ಗ್ಯಾಸಿನ ಒಲೆ, ಕಲ್ಲಿದ್ದಲು ಸುಡುವ ಸಣ್ಣ ಅಗ್ಗಿಷ್ಟಿಕೆ, ಸ್ನಾನಕ್ಕೆ ಮೂಲೆಯಷ್ಟು ಜಾಗ. ನೀರು ತೊಟ್ಟಿಯಲ್ಲಿ ಇದ್ದಷ್ಟೇ. ಬೆಳಗಿನ ಸ್ನಾನಕ್ಕೆ ಎರಡು ತಂಬಿಗೆ, ಅಗ್ಗವಣಿಗೆ ಒಂದು ಬಟ್ಟಲು ಎಂದು ನಾವೇ ಲೆಕ್ಕ ಹಾಕಿಕೊಂಡೆವು. ಬಿಲ್ವಪತ್ರೆ ಅಲ್ಲಿ ಎಲ್ಲಿಯದು? ಡಾಕ್ಟರರ ಮನೆಯ ಹಿತ್ತಲಲ್ಲಿ ತಾಯಿಯವರು ನೆಟ್ಟಿದ್ದ ಸೇವಂತಿಗೆಯ ಹೂಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಲಿಂಗಪೂಜೆಗೆ ಕುಳಿತಾಗ ಮಗ್ಗುಲಲ್ಲಿ ಯಾವುದಾದರೂ ದೋಣಿ ಹಾದುಹೋದರೆ ನಮ್ಮ ದೋಣಿ ಮೆಲ್ಲನೆ ಅಲುಗುತ್ತಿತ್ತು. ಅಂಗೈಯ ಮೇಲಿನ ಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸಲು ಮೊದಲ ದಿನ ಪ್ರಯಾಸವಾಯಿತು. ಅಂಬಿಗರ ಚೌಡಯ್ಯನವರು ನಮಗೆ ನೆನಪಾದುದು ಆಗ. ಡಾಕ್ಟರರ ಹುಟ್ಟೂರು ಚೌಡಯ್ಯದಾನಪುರಕ್ಕೆ ತುಂಬ ದೂರವಿಲ್ಲ. ದೋಣಿಯ ಮೇಲೆ ನಿಂತು ಬದುಕಿದ ಶರಣರ ವಚನಗಳನ್ನು ಇಷ್ಟು ವರ್ಷ ನೆಲದ ಮೇಲೆ ಕುಳಿತು ಪ್ರವಚನ ಹೇಳಿದೆವಲ್ಲ ಎಂದು ನಗು ಬಂದಿತು.

ನ್ಯಾಪ್ಟನ್ ಗುಡ್ಡದ ನೆತ್ತಿಯಲ್ಲಿ ಒಂದು ಗಾಳಿಗಿರಣಿ. ಅದನ್ನು ಕಣ್ಣಮುಂದೆ ಇಟ್ಟುಕೊಂಡು ಕಾಲುವೆ ಒಂಬತ್ತು ಮೆಟ್ಟಿಲು ಏರುತ್ತದೆ. ಮೆಟ್ಟಿಲೆಂದುದು ಲಾಕ್ ಎಂಬ ಕಟ್ಟಡಕ್ಕೆ. ದೋಣಿಯಷ್ಟೇ ಅಗಲದ ಇಟ್ಟಿಗೆಯ ಹೊಂಡ. ಎರಡು ತುದಿಗೂ ಮರದ ಬಾಗಿಲು. ದೋಣಿ ಕೆಳಗಿನಿಂದ ಒಳಹೊಕ್ಕ ಮೇಲೆ ಹಿಂದಿನ ಬಾಗಿಲು ಮುಚ್ಚಿ, ವಿಂಡ್ಲಾಸ್ ಎಂಬ ಕಬ್ಬಿಣದ ಹಿಡಿಯಿಂದ ಮುಂದಿನ ತೂಬನ್ನು ಎತ್ತಿದರೆ ಮೇಲಿನ ನೀರು ಹೊಂಡಕ್ಕೆ ಇಳಿಯುತ್ತದೆ, ದೋಣಿ ಏರುತ್ತದೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ; ನೀರು ಇಳಿಯುವ ಸ್ವಭಾವವನ್ನೇ ದೋಣಿ ಏರಲು ಬಳಸಿದ್ದಾರೆ. ಒಂದೊಂದು ಸಲಕ್ಕೆ ಸುಮಾರು ಒಂದು ಲಕ್ಷ ಲೀಟರ್ ನೀರು ಕೆಳಗಿಳಿದು ಹೋಗುತ್ತದೆ. ಆದ್ದರಿಂದಲೇ ಕಾಲುವೆಯ ಎತ್ತರದ ಭಾಗಕ್ಕೆ ನೀರೂಡಿಸಲು ಕೆರೆಗಳನ್ನು ಕಟ್ಟಿದ್ದಾರೆ. ನೀರಗಂಟಿಯ ಕೆಲಸವನ್ನು ಬಲ್ಲ ನಮ್ಮ ಹಳ್ಳಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೊದಲ ಲಾಕಿನಲ್ಲಿ ನಾವು ಉತ್ಸಾಹದಿಂದ ಬಾಗಿಲಿನ ತೊಲೆಗೆ ಬೆನ್ನು ಕೊಟ್ಟು ನೂಕಿದೆವು. ಬಾಗಿಲು ಕದಲಲಿಲ್ಲ. ಡಾಕ್ಟರರು, "ನಿಂದರ್ರಿ ಅಜ್ಜಾರ, ಎರಡೂ ಕಡಿ ನೀರು ಸಮಾ ಆಗೂತನಕಾ ಹತ್ತು ಮಂದಿ ನೂಕಿದ್ರೂ ಅದು ತಗಿಯಂಗಿಲ್ಲ" ಎಂದರು. ನಾಲ್ಕು ಅಂಗುಲ ವ್ಯತ್ಯಾಸವಿದ್ದರೂ ನೀರಿನ ಭಾರ ಬಾಗಿಲನ್ನು ಒತ್ತಿ ಹಿಡಿದಿರುತ್ತದೆ. ಸಮವಾದ ಕೂಡಲೇ ಒಂದು ಮಗುವಿನ ಬಲ ಸಾಕು. ಕಾಯುವಾಗ ತಂದೆ ಒಂದು ದಡದಲ್ಲಿ, ಮಗ ಚುಕ್ಕಾಣಿಯ ಹತ್ತಿರ ದೋಣಿಯ ಮೇಲೆ. ಕೆಲಸಕ್ಕೆ ಬೇಕಾದ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು: ತೆರೆ, ಮುಚ್ಚು, ಹಗ್ಗ. ಅಷ್ಟೇ.

ಒಂಬತ್ತು ಲಾಕುಗಳನ್ನು ಏರಿದ ಮೇಲೆ ಹನ್ನೊಂದು ಮೈಲಿಗಳ ಸಪಾಟು ನೀರು. ಇದರ ಚೆಲುವನ್ನು ಹೇಳಬೇಕಾದರೆ ಇದನ್ನು ಯೋಜಿಸಿದ ಜೇಮ್ಸ್ ಬ್ರಿಂಡ್ಲಿಯ ವಿಷಯ ಹೇಳಬೇಕು. ಗಿರಣಿಯ ಚಕ್ರಗಳನ್ನು ರಿಪೇರಿ ಮಾಡುತ್ತಿದ್ದ ಕಸುಬುದಾರ. ಓದು ಬರಹದಲ್ಲಿ ತೀರ ಹಿಂದೆ. ಕಠಿಣವಾದ ಸಮಸ್ಯೆ ಎದುರಾದರೆ ಕಾಗದ ಲೇಖನಿಗಳನ್ನು ಹಿಡಿಯುತ್ತಿರಲಿಲ್ಲ. ಹಾಸಿಗೆಯಲ್ಲಿ ಮಲಗಿ, ಒಂದೆರಡು ದಿನ ಬೇಕಾದರೂ ಯೋಚಿಸಿ, ಮನಸ್ಸಿನಲ್ಲಿ ಪೂರ್ತಿ ಬಿಡಿಸಿಕೊಂಡೇ ಏಳುತ್ತಿದ್ದನೆಂದು ಅವನ ಚರಿತ್ರಕಾರರು ಬರೆದಿದ್ದಾರೆ. (ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳು ಇದನ್ನು ಪ್ರಮಾಣವಾಗಿ ತೆಗೆದುಕೊಳ್ಳಬಾರದು.) ಗುಡ್ಡ ಅಡ್ಡ ಬಂದರೆ ಕೊರೆಯುವುದಕ್ಕಿಂತ, ತಗ್ಗು ಬಂದರೆ ತುಂಬುವುದಕ್ಕಿಂತ, ಒಂದೇ ಮಟ್ಟದ ನೆಲವನ್ನು ಹುಡುಕಿಕೊಂಡು ಸುತ್ತಿ ಹೋಗುವುದು ಅವನ ಪದ್ಧತಿ. 1769ರಲ್ಲಿ ಆರಂಭವಾದ ಈ ಕಾಲುವೆ ಬ್ಯಾನ್‌ಬರಿಯನ್ನು ಮುಟ್ಟಿದ್ದು 1778ರಲ್ಲಿ, ಆಕ್ಸ್‌ಫರ್ಡನ್ನು ಮುಟ್ಟಿದ್ದು 1790ರಲ್ಲಿ. ಬ್ರಿಂಡ್ಲಿ 1772ರಲ್ಲಿಯೇ ತೀರಿಕೊಂಡಿದ್ದನು. ನೀರು ಸೋರದಂತೆ ಜೇಡಿಮಣ್ಣನ್ನು ನೀರಿನೊಡನೆ ಕಲಸಿ ತುಳಿದು ತುಳಿದು ತಳಕ್ಕೆ ಬಳಿಯುತ್ತಿದ್ದರು. ಎಲ್ಲವೂ ಸಲಿಕೆ, ಗುದ್ದಲಿ, ಕೈಬಂಡಿಗಳ ಕೆಲಸ. ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರ ಕೆರೆಯನ್ನು ಕಟ್ಟಿದ ಕೈಗಳ ಹೆಸರುಗಳು ಹೇಗೆ ನಮಗೆ ಉಳಿದಿಲ್ಲವೋ ಹಾಗೆಯೇ ಈ ಕೂಲಿಕಾರರ ಹೆಸರುಗಳೂ ಉಳಿದಿಲ್ಲ.

ಉತ್ತರದ ಭಾಗವನ್ನು ಮುಂದೆ 1830ರ ಸುಮಾರಿಗೆ ನೇರ ಮಾಡಿದರು. ಈ ಭಾಗವನ್ನು ಹಾಗೆಯೇ ಬಿಟ್ಟರು. ಆದ್ದರಿಂದ ವರ್ಮ್‌ಲೇಟನ್ ಎಂಬ ಊರಿನ ಗುಡ್ಡವನ್ನು ಕಾಲುವೆ ಬಳಸಿ ಬಳಸಿ ಹೋಗುತ್ತದೆ. ಬೆಳಿಗ್ಗೆ ಎಡಕ್ಕೆ ಕಂಡ ಮರ ಒಂದು ತಾಸಿನ ಮೇಲೆ ಬಲಕ್ಕೆ ಕಾಣುತ್ತದೆ. ದಾರಿ ತಪ್ಪಿತೇ ಎಂದು ಭ್ರಮೆಯಾಗುತ್ತದೆ. ಆ ಸುತ್ತಿನ ಹೊಲಗಳು ಸಮತಟ್ಟಾಗಿಲ್ಲ. ಹಳೆಯ ನೇಗಿಲಗೆರೆಗಳ ಏರಿಳಿತಗಳು ಹುಲ್ಲಿನ ಕೆಳಗೆ ಇನ್ನೂ ಕಾಣುತ್ತವೆ. ಹದಿನೈದನೆಯ ಶತಮಾನದ ಕೊನೆಯಲ್ಲಿ, ಕುರಿಯ ಉಣ್ಣೆಯಲ್ಲಿ ಲಾಭ ಹೆಚ್ಚೆಂದು ಒಡೆಯರು ಒಕ್ಕಲುಗಳನ್ನು ಎಬ್ಬಿಸಿದರು. ಊರು ಹಾಳಾಯಿತು. ಐದು ನೂರು ವರ್ಷಗಳಾದರೂ ಉತ್ತವನ ಗೆರೆ ಮಾಸಿಲ್ಲ. ಈಗಲೂ ಕುರಿಗಳು ಅದರ ಮೇಲೆ ಮೇಯುತ್ತಿವೆ.

ಶರತ್ಕಾಲದ ಆ ದಿನಗಳನ್ನು ನಾವು ಮರೆಯಲಾರೆವು. ಬೆಳಿಗ್ಗೆ ನೀರಿನಿಂದ ಮಂಜು ಹೊಗೆಯಂತೆ ಏಳುತ್ತಿತ್ತು. ಎಂಟು ಗಂಟೆಯಾದರೂ ಎದುರಿನ ಸೇತುವೆ ಕಾಣುತ್ತಿರಲಿಲ್ಲ. ಬಿಸಿಲೇರಿದ ಮೇಲೆ ಬೇಲಿಗಳಲ್ಲಿ ಮುಳ್ಳುಗಿಡಗಳ ಕೆಂಪು ಹಣ್ಣುಗಳ ಗೊಂಚಲು, ವಿಲ್ಲೋ ಮರಗಳ ಹಳದಿ ಎಲೆ. ಬಕಪಕ್ಷಿಯೊಂದು ದಡದಲ್ಲಿ ನಿಂತಿದ್ದು, ನಾವು ಹತ್ತಿರ ಬಂದೊಡನೆ ನೂರು ಮಾರು ಮುಂದೆ ಹಾರಿ ಕುಳಿತು, ಮತ್ತೆ ಹಾರಿ, ಹೀಗೆ ಅರ್ಧ ಮೈಲಿ ದಾರಿ ತೋರಿಸುತ್ತದೆ. ಮಿಂಚುಳ್ಳಿಯನ್ನು ಒಮ್ಮೆ ಮಾತ್ರ ಕಂಡೆವು. ಉದುರಿದ ಎಲೆಗಳು ನೀರನ್ನು ಮುಚ್ಚಿ ದೋಣಿಯ ಹಿಂದಿನ ರೆಕ್ಕೆಗೆ ಸುತ್ತಿಕೊಳ್ಳುತ್ತವೆ. ಆಗ ಇಂಜಿನ್ನನ್ನು ಕ್ಷಣಹೊತ್ತು ಹಿಂದಕ್ಕೆ ತಿರುಗಿಸಿ ಅವುಗಳನ್ನು ಕೊಡವಬೇಕು. ಮಧ್ಯಾಹ್ನ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ರೊಟ್ಟಿ ರಾಣಿಬೆನ್ನೂರಿನಿಂದ ನಮ್ಮ ಜೋಳಿಗೆಯಲ್ಲಿಯೇ ಬಂದಿತ್ತು.

ಮೂರನೆಯ ದಿನ ಚುಕ್ಕಾಣಿಯನ್ನು ನಾವು ಹಿಡಿದೆವು. ದೋಣಿ ಎಡಕ್ಕೆ ಹೋಗಬೇಕಾದರೆ ಹಿಡಿಯನ್ನು ಬಲಕ್ಕೆ ತಳ್ಳಬೇಕೆಂದು ಹುಡುಗ ಹೇಳಿಕೊಟ್ಟಿದ್ದ. ತರ್ಕಶಾಸ್ತ್ರ ಓದಿದ ಬುದ್ಧಿ ಅದನ್ನು ಗ್ರಹಿಸಿತು, ಕೈ ಗ್ರಹಿಸಲಿಲ್ಲ. ವರ್ಮ್‌ಲೇಟನ್ನಿನ ತಿರುವಿನಲ್ಲಿ ದೋಣಿಯ ಮೂತಿ ಕೆಸರಿಗೆ ಹೋಗಿ ಕೂತಿತು. ಉದ್ದನೆಯ ಗಳುವನ್ನು ಹಿಡಿದು ತಂದೆ ಮಗ ಇಬ್ಬರೂ ನೂಕಿದರು, ಮುಕ್ಕಾಲು ತಾಸಾಯಿತು. ಕಾವಿಯ ಮೇಲೆ ಉಣ್ಣೆಯ ಅಂಗಿ ತೊಟ್ಟು ತಲೆಗೆ ಮಫ್ಲರ್ ಸುತ್ತಿ ಕುಳಿತ ನಮ್ಮನ್ನು ಕಂಡು ಎದುರು ದೋಣಿಯವರು ಹಗ್ಗ ಎಸೆದು ಎಳೆದುಕೊಟ್ಟರು. ನೀವು ಯಾರು, ಎಲ್ಲಿಯವರು ಎಂದು ಕೇಳಲಿಲ್ಲ. ಚಹಾ ಕೊಟ್ಟರೆ ಕುಡಿದು ಹೋದರು.

ಅಂದು ರಾತ್ರಿ ಅಲ್ಲಿಯೇ ದೋಣಿಯನ್ನು ಕಟ್ಟಿದೆವು. ಡಾಕ್ಟರರು ಬೇಗನೆ ಮಲಗಿದ್ದರು. ಹುಡುಗ (ನಲವತ್ತೊಂದು ವರುಷದವನನ್ನು ಹುಡುಗನೆನ್ನುವುದು ಸರಿಯಲ್ಲ, ಆದರೂ ನಮ್ಮ ಕಣ್ಣಿಗೆ ಹಾಗೆ) ಅಗ್ಗಿಷ್ಟಿಕೆಗೆ ಇದ್ದಲು ಹಾಕಿ ನಮ್ಮ ಎದುರು ಕುಳಿತ. ಜೇಬಿನಿಂದ ಒಂದು ಕರಡಿಗೆಯನ್ನು ತೆಗೆದು ಹಲಗೆಯ ಮೇಲಿಟ್ಟ. ತಾಯಿಯ ಇಷ್ಟಲಿಂಗ. ಮೂರೂವರೆ ವರ್ಷದಿಂದ ಜೇಬಿನಲ್ಲಿಯೇ ಇಟ್ಟುಕೊಂಡು ತಿರುಗುತ್ತಿದ್ದಾನೆಂದು ಆಗ ತಿಳಿಯಿತು. ಅವನ ಕನ್ನಡ ಮನೆಯಲ್ಲಿ ತಾಯಿಯಿಂದ ಕಲಿತದ್ದು; ಓದಲು ಬಾರದು.

"ಅಜ್ಜಾರ, ನೀವು ಅಪ್ಪಗ ಬರದ ಕಾಗದ ನಾ ಕೇಳೇನಿ. ಹುಬ್ಬಳ್ಳಿ ಅತ್ತಿ ಕಡೆ ಫೋನಿನ್ಯಾಗ ಓದಿಸಿಕೊಂಡೆ" ಎಂದ.

ನಮಗೆ ಆ ಕಾಗದ ಮರೆತೇ ಹೋಗಿತ್ತು. 2020ರ ಆಷಾಢದಲ್ಲಿ ಡಾಕ್ಟರರು ದೀರ್ಘವಾದ ಪತ್ರ ಬರೆದು, ತಮ್ಮ ಪತ್ನಿಗೆ ಲಿಂಗೈಕ್ಯಪದವಿ ದೊರೆಯಿತೇ ಇಲ್ಲವೇ ಎಂದು ಕೇಳಿದ್ದರು. ಆ ತಿಂಗಳುಗಳಲ್ಲಿ ಅಂಥ ಪತ್ರಗಳು ದಿನಕ್ಕೆ ಹತ್ತು ಬರುತ್ತಿದ್ದವು. ನಾವು ನಾಲ್ಕು ಸಾಲಿನ ಉತ್ತರ ಬರೆಯಿಸಿದೆವು: ಕ್ರಿಯಾಸಮಾಧಿಯಾಗದಿರುವುದು ಸಂಸ್ಕಾರಲೋಪವೇ ಸರಿ, ಊರಿಗೆ ಬಂದಾಗ ಶ್ರೀಮಠದಲ್ಲಿ ಶಾಂತಿವಿಧಿಯನ್ನು ಮಾಡಿಸಿಕೊಳ್ಳಬಹುದು, ಆಶೀರ್ವಾದಗಳು. ಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆಸ್ಪತ್ರೆಯಲ್ಲಿ ತಂದೆ, ಶವಾಗಾರದಲ್ಲಿ ತಾಯಿ, ನಡುವೆ ಒಬ್ಬನೇ ನಿಂತ ಮಗನ ವಿಚಾರ ನಮ್ಮ ಮನಸ್ಸಿಗೆ ಬಂದಿರಲೇ ಇಲ್ಲ.

"ಲೋಪ ಅಂದ್ರ ಏನಂತ ಅತ್ತಿನ್ನ ಕೇಳಿದೆ" ಎಂದ. ಮುಂದೆ ಏನೂ ಹೇಳಲಿಲ್ಲ. ನಾವೂ ಏನೂ ಹೇಳಲಾರದೆ ಹೋದೆವು. ಸಂಸ್ಕೃತ ಪಾಠಶಾಲೆಯಲ್ಲಿ ಹತ್ತು ವರ್ಷ, ಧಾರವಾಡದ ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಓದಿದ್ದು ಆ ರಾತ್ರಿ ಉಪಯೋಗಕ್ಕೆ ಬರಲಿಲ್ಲ. ಕರಡಿಗೆಯನ್ನು ನಮ್ಮ ಪೂಜೆಯ ಪೆಟ್ಟಿಗೆಯ ಪಕ್ಕದಲ್ಲಿ ಇಡುವಂತೆ ಹೇಳಿದೆವು. ನಿದ್ರೆ ಬರಲಿಲ್ಲ.

ಮರುದಿನ ಕ್ಲೇಡನ್ನಿನ ಐದು ಲಾಕುಗಳು. ಇಲ್ಲಿ ಇಳಿಯಬೇಕು. ಇಳಿಯುವುದು ಏರುವುದಕ್ಕಿಂತ ಅಪಾಯದ್ದು: ಮೇಲಿನ ಬಾಗಿಲಿನ ಕೆಳಗೆ ಕಲ್ಲಿನ ಕಟ್ಟೆಯೊಂದು ಹೊಂಡದೊಳಕ್ಕೆ ಚಾಚಿರುತ್ತದೆ, ನೀರು ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲೆ ಸಿಕ್ಕಿಕೊಂಡರೆ ಮುಂಭಾಗ ಮುಳುಗಿ ದೋಣಿಯೇ ಹೋಗುತ್ತದೆ. ಎರಡನೆಯ ಲಾಕಿನಲ್ಲಿ ದೋಣಿ ಸ್ವಲ್ಪ ಹಿಂದಕ್ಕೆ ಸರಿದುದನ್ನು ಮೊದಲು ಕಂಡವರು ಡಾಕ್ಟರರು. "ತೂಬಾ ಇಳಸೋ!" ಎಂದು ಕನ್ನಡದಲ್ಲಿಯೇ ಕೂಗಿದರು. ಮಗ ಅಂದು ದಡದ ಮೇಲಿದ್ದ. ಓಡಿಹೋಗಿ ತೂಬನ್ನು ಇಳಿಸಿದ. ದೋಣಿಯ ಮೇಲಿದ್ದವರು ನಾವು ಇಬ್ಬರು. ಕಟ್ಟೆಗೆ ಇನ್ನು ಒಂದು ಗೇಣು ಅಂತರವಿತ್ತು.

ಮಧ್ಯಾಹ್ನ ದೋಣಿ ಕಟ್ಟಿ ಊಟಕ್ಕೆ ಕುಳಿತಾಗ, ಇಬ್ಬರೂ ಎದುರಿಗಿರುವಾಗಲೇ ನಾವು ಹೇಳಿದೆವು: ಆ ಕಾಗದವನ್ನು ನಾವು ಬರೆಯಬಾರದಾಗಿತ್ತು. ಲಿಂಗೈಕ್ಯವೆಂಬುದು ಬದುಕಿರುವಾಗ ಸಾಧಿಸಬೇಕಾದ ಪದವಿ. ನಲವತ್ತೈದು ವರ್ಷ ಪರದೇಶದಲ್ಲಿ ಒಂದು ದಿನವೂ ಲಿಂಗಪೂಜೆಯನ್ನು ತಪ್ಪಿಸದ ತಾಯಿಗೆ ಅದು ಮಣ್ಣಿನಿಂದ ಬರುವುದೂ ಇಲ್ಲ, ಬೆಂಕಿಯಿಂದ ಹೋಗುವುದೂ ಇಲ್ಲ. ಈ ಹುಡುಗ ಮಾಡಿದ್ದರಲ್ಲಿ ಲೋಪವಿದ್ದರೆ ಅದರಲ್ಲಿ ನಮ್ಮ ಪಾಲೂ ಇದೆ. ಇನ್ನು ಭಸ್ಮವನ್ನು ಮನೆಯ ಮೂಲೆಯಲ್ಲಿ ಇಡುವುದು ಬೇಡ. ತಾಯಿಯ ಲಿಂಗದೊಡನೆ ಮಣ್ಣಿನಲ್ಲಿ ಇಡೋಣ, ವಿಭೂತಿ ಪತ್ರೆಗಳೊಡನೆ, ಸಮಾಧಿಯ ಕ್ರಮದಲ್ಲಿಯೇ.

ಈ ಮಾತನ್ನು ಓದಿ ನಮ್ಮ ಸಂಪ್ರದಾಯನಿಷ್ಠ ಭಕ್ತರಲ್ಲಿ ಕೆಲವರಿಗೆ ಅಸಮಾಧಾನವಾಗಬಹುದು. ಪದ್ಧತಿಯನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ನಮಗೂ ಆ ಮಣ್ಣೇ ಬೇಕು. ಇಂಥದೇ ಸಂದರ್ಭದಲ್ಲಿ ಶ್ರೀಮಠದಿಂದ ಇಂಥದೇ ಕಾಗದ ಯಾರಿಗಾದರೂ ಬಂದಿದ್ದರೆ ಅವರು ನಮಗೆ ಮತ್ತೊಮ್ಮೆ ಬರೆಯಲೆಂದೇ ಇದನ್ನು ಇಷ್ಟು ಬಿಚ್ಚಿ ಹೇಳಿದ್ದೇವೆ.

ಡಾಕ್ಟರರು ಬಹಳ ಹೊತ್ತು ಮಾತನಾಡಲಿಲ್ಲ. ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿದು ಅರ್ಧವನ್ನು ಮಗನ ತಟ್ಟೆಗೆ ಹಾಕಿದರು.

ಮುಂದಿನ ಎರಡು ದಿನಗಳಲ್ಲಿ ಹೇಳುವಂಥದು ಹೆಚ್ಚಿಲ್ಲ. ಕ್ರೊಪ್ರೆಡಿ ಎಂಬ ಊರಿನ ಸೇತುವೆಯ ಬಳಿ 1644ರಲ್ಲಿ ಅರಸ ಚಾರ್ಲ್ಸನ ಸೈನ್ಯಕ್ಕೂ ಪಾರ್ಲಿಮೆಂಟಿನ ಸೈನ್ಯಕ್ಕೂ ಕಾಳಗ ನಡೆದಿತ್ತು. ಈಗ ಅಲ್ಲಿ ಬಾತುಕೋಳಿಗಳು ಬಿಟ್ಟರೆ ಯಾರೂ ಜಗಳವಾಡುವುದಿಲ್ಲ. ಬ್ಯಾನ್‌ಬರಿಯಲ್ಲಿ ಟೂಲಿಯ ಹಳೆಯ ದೋಣಿಕಟ್ಟೆಯನ್ನು ನೋಡಿದೆವು. 1939ರಲ್ಲಿ ರೋಲ್ಟ್ ಎಂಬ ಲೇಖಕನು ತನ್ನ ದೋಣಿಯನ್ನು ಅಲ್ಲಿ ಸಜ್ಜುಗೊಳಿಸಿ ಹೊರಟು, ಆ ಪ್ರವಾಸದ ಪುಸ್ತಕವನ್ನು 1944ರಲ್ಲಿ ಪ್ರಕಟಿಸಿದನು. ರೈಲು, ಲಾರಿಗಳಿಂದ ಹಾಳುಬಿದ್ದಿದ್ದ ಕಾಲುವೆಗಳನ್ನು ಉಳಿಸಬೇಕೆಂಬ ಚಳವಳಿ 1946ರಲ್ಲಿ ಸಂಘದ ರೂಪ ಪಡೆದುದರಲ್ಲಿ ಆ ಪುಸ್ತಕದ ಪಾಲು ದೊಡ್ಡದು. ಈಗ 2012ರಲ್ಲಿ ಸ್ಥಾಪಿತವಾದ ಧರ್ಮಾರ್ಥ ಸಂಸ್ಥೆಯೊಂದು ಸುಮಾರು ಎರಡು ಸಾವಿರ ಮೈಲಿಗಳ ಜಲಮಾರ್ಗವನ್ನು ನೋಡಿಕೊಳ್ಳುತ್ತಿದೆ.

ಅಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆ. ಹತ್ತಡಿ ಉದ್ದದ ಕೋಣೆಯಲ್ಲಿ ಗಂಡ, ಹೆಂಡತಿ, ನಾಲ್ಕೈದು ಮಕ್ಕಳು ಬದುಕಿ ಸರಕು ಸಾಗಿಸುತ್ತಿದ್ದ ದೋಣಿಯ ಕುಟುಂಬಗಳು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಇದ್ದವು. ದೋಣಿ ಒಂದೆಡೆ ನಿಲ್ಲದು. ಆದ್ದರಿಂದ ಮಕ್ಕಳಿಗೆ ಶಾಲೆ ಇಲ್ಲ. 1877ರಲ್ಲಿಯೇ ಅವರಿಗಾಗಿ ಒಂದು ಕಾಯಿದೆ ಬಂದಿತು. ಆದರೂ ಎಷ್ಟೋ ಜನ ತಮ್ಮ ದೋಣಿಯ ಮೇಲೆ ಬಣ್ಣದಲ್ಲಿ ಬರೆದ ಹೆಸರನ್ನು ತಾವೇ ಓದಲಾರದೆ ಬದುಕಿದರು. ಆ ಅಕ್ಷರಗಳ ಸುತ್ತ ಅವರು ಬಿಡಿಸಿಕೊಂಡ ಗುಲಾಬಿಗಳು, ಕೋಟೆಗಳು ಮಾತ್ರ ಬಹು ಸುಂದರ. ಡಾಕ್ಟರರು ಅದನ್ನು ನೋಡುತ್ತ, "ನಮ್ಮ ಅಪ್ಪಗೂ ಸಹಿ ಬರತಿರಲಿಲ್ರಿ. ಹಿಂದಿನ ಅಜ್ಜಾರು ನನ್ನ ಪ್ರಸಾದ ನಿಲಯದಾಗ ಇಟಗೊಳ್ಳದಿದ್ರ ನಾನೂ ತುಂಗಭದ್ರಿ ದಂಡ್ಯಾಗ ಎತ್ತಿನ ಹಗ್ಗಾ ಹಿಡಕೊಂಡು ಇರತಿದ್ದೆ" ಎಂದರು. ಮಗ ಈ ಮಾತನ್ನು ಮೊದಲ ಸಲ ಕೇಳಿದನಂತೆ. ಅಜ್ಜನ ಹೆಸರೇನು, ಎತ್ತು ಎಷ್ಟಿದ್ದವು ಎಂದು ಕೇಳತೊಡಗಿದ.

ದೋಣಿಯನ್ನು ಒಪ್ಪಿಸಿದ ಮರುದಿನ ಡಾಕ್ಟರರ ಮನೆಯ ಹಿತ್ತಲಿನಲ್ಲಿ, ಸೇವಂತಿಗೆಯ ಮಡಿಯ ಪಕ್ಕದಲ್ಲಿ ಗುಂಡಿಯನ್ನು ಮಗನೇ ತೆಗೆದ. ಅಲ್ಲಿಯ ಮಣ್ಣು ಜಿಗುಟು, ಮಳೆಯೂ ಹನಿಯುತ್ತಿತ್ತು. ಗುಂಡಿ ಸಾಕಷ್ಟು ಆಳವಾಗಿಲ್ಲವೆಂದು ತಂದೆ, ಆಗಿದೆಯೆಂದು ಮಗ, ಇಬ್ಬರೂ ಕೊಡೆಯಿಲ್ಲದೆ ನಿಂತು ಗಟ್ಟಿಯಾಗಿ ವಾದಿಸಿದರು. ನಾವು ವಿಭೂತಿಯ ತಟ್ಟೆಯನ್ನು ಮಳೆಗೆ ನೆನೆಯದಂತೆ ಸೆರಗಿನಲ್ಲಿ ಮುಚ್ಚಿಕೊಂಡು ಕಾದೆವು. ಕೊನೆಗೆ ಡಾಕ್ಟರರೇ ಸಲಿಕೆಯನ್ನು ಕಸಿದುಕೊಂಡು ಇನ್ನು ಒಂದು ಗೇಣು ತೆಗೆದರು.